ಆಕಾಶದಿಂದ ಇಳಿಯುವವರಿಗೆ ಮೊದಲು ಸಿಗುವ ಕೈ

ಈ ಸಂಗತಿಯನ್ನು ಮೊದಲು ಹೇಳಿದವರು ದೋಣಿ ಓಡಿಸುವ ಗುಡುಗಣ್ಣ. ಹೇಳಿದ್ದು ಈ ಸಲದ ಪ್ರವಾಸಿ ಹಂಗಾಮು ತೆರೆದ ದಿನದ ಸಂಜೆ, ದಡದಲ್ಲಿ ಮಗುಚಿ ಹಾಕಿದ ಹಳೆಯ ದೋಣಿಯೊಂದರ ಬೆನ್ನ ಮೇಲೆ ಕುಳಿತು. ಕೇಳಲು ಸೇರಿದ್ದವರು ಕೊಡೆ ಬಾಡಿಗೆಯವರು, ಎಳನೀರಿನವರು, ಟಿಕೆಟ್ ಕಿಟಕಿಯಾಕೆ, ಜೊತೆಗೆ ಕತೆಯೊಳಗೇ ಬರುವ ಗಂಡ-ಹೆಂಡತಿ. ಗುಡುಗಣ್ಣ ಹಿಗ್ಗಿಸಿದ ಕಡೆ ಹೆಂಡತಿ ಕುಗ್ಗಿಸಿದರು, ಹೆಂಡತಿ ಬಿಟ್ಟ ಕಡೆ ಗುಡುಗಣ್ಣ ತುಂಬಿಸಿದರು. ಗಂಡ ಮಾತ್ರ ಮರಳಿನಲ್ಲಿ ಬೆರಳಾಡಿಸುತ್ತ ಕುಳಿತಿದ್ದರು. ಕತೆ ಅವರದೇ.

ಅವರನ್ನು ಎಲ್ಲರೂ ಕರೆಯುವುದು ಹಿಡಿಯಪ್ಪ ಎಂದು.

ಹಂಗಾಮಿನ ಮೊದಲ ದಿನ. ಹೊತ್ತು ಮೂಡುವ ಮೊದಲೇ ಹಿಡಿಯಪ್ಪ ದಂಡೆಯಲ್ಲಿದ್ದಾರೆ. ಕಾಲಲ್ಲಿ ಚಪ್ಪಲಿಯಿಲ್ಲ. ರಾತ್ರಿಯ ಅಲೆಗಳು ತಂದು ಹರಡಿದ ಮರಳನ್ನು ಅಂಗಾಲಿನಿಂದಲೇ ತಡವುತ್ತ, ಕಾಳು ಆರಿಸುವವರ ತಾಳ್ಮೆಯಿಂದ ಅತ್ತಿಂದಿತ್ತ, ಇತ್ತಿಂದತ್ತ ನಡೆಯುತ್ತಾರೆ. ಒಡೆದ ಚಿಪ್ಪು, ಹವಳದ ಚೂರು, ಯಾರೋ ಬಿಟ್ಟುಹೋದ ಬಾಟಲಿಯ ಮುಚ್ಚಳ ಕಾಲಿಗೆ ಸಿಕ್ಕರೆ ಬಗ್ಗಿ ಎತ್ತಿ ಸೊಂಟದ ಚೀಲಕ್ಕೆ ಸೇರಿಸುತ್ತಾರೆ. ಬಿಸಿಲೇರುವ ಹೊತ್ತಿಗೆ ಇದೇ ಮರಳಿನ ಮೇಲೆ ಜನ ಆಕಾಶದಿಂದ ಇಳಿಯಬೇಕು.

"ಮೇಲಿಂದ ಬರೋರು ಬರಿಗಾಲಲ್ಲಿ ಬರ್ತಾರೆ. ಅವರಿಗೆ ಚುಚ್ಚೋದು ಮೊದಲು ನನಗೇ ಚುಚ್ಚಲಿ. ನನ್ನ ಕಾಲಿನ ಚರ್ಮ ದಪ್ಪ, ನಮ್ಮ ಗುಡುಗಣ್ಣನ ಮುಖದ ಥರ," ಎನ್ನುತ್ತಾರೆ.

ದ್ವೀಪಕ್ಕೆ ರಜೆ ಕಳೆಯಲು ಬಂದವರಿಗೆ ನೋಡುವುದಕ್ಕೂ ಆಡುವುದಕ್ಕೂ ಏನೂ ಕೊರತೆಯಿಲ್ಲ. ಗಾಜಿನ ತಳದ ದೋಣಿ ಹತ್ತಿದರೆ ಕಾಲ ಕೆಳಗೇ ಹವಳದ ತೋಟ ತೆರೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಬಾಯಿಗೆ ನಳಿಕೆ ಕಟ್ಟಿಕೊಂಡು ತಲೆ ಮುಳುಗಿಸಿದರೆ ಪಟ್ಟೆ ಪಟ್ಟೆಯ ಮೀನುಗಳು ಮದುವೆ ಮನೆಯ ಮಕ್ಕಳಂತೆ ಮೈಮೇಲೆಯೇ ಬರುತ್ತವೆ. ಬಾಳೆಹಣ್ಣಿನಾಕಾರದ ರಬ್ಬರು ದೋಣಿಗೆ ಕಿರುಚಿಕೊಂಡು ಹತ್ತಿದವರು ನಗುತ್ತಲೇ ನೀರಿಗೆ ಬೀಳುತ್ತಾರೆ. ದೀಪಸ್ತಂಭದ ಮೆಟ್ಟಿಲೇರಿದರೆ ಸೂರ್ಯ ನೀರಿಗಿಳಿಯುವುದನ್ನು ಕೊನೆಯ ಎಳೆಯವರೆಗೆ ನೋಡಬಹುದು. ಇಷ್ಟೆಲ್ಲ ಇದ್ದರೂ ಹಡಗಿನಿಂದ ಇಳಿದವರು ಮೊದಲು ಬೆರಳು ತೋರಿಸುವುದು ಮೇಲಕ್ಕೆ. ಓಡುವ ದೋಣಿಗೆ ಹಗ್ಗ ಬಿಗಿದು, ಗಾಳಿ ತುಂಬಿದ ಪ್ಯಾರಾಚೂಟಿನಡಿ ಮನುಷ್ಯನನ್ನು ಗಾಳಿಪಟದಂತೆ ಏರಿಸುವ ಆಟ ಅಲ್ಲಿ ನಡೆದಿರುತ್ತದೆ. ಆ ಪ್ಯಾರಾಚೂಟಿಗೆ ದಂಡೆಯವರ ಬಾಯಲ್ಲಿ ಛತ್ರಿ ಎಂದೇ ಹೆಸರು.

ಎಳೆಯುವುದು ದೋಣಿ, ಏರಿಸುವುದು ಗಾಳಿ. ಇಳಿಸಿ ಹಿಡಿಯುವುದು ಮಾತ್ರ ಮನುಷ್ಯನ ಕೆಲಸ. ಮೇಲಿರುವಷ್ಟು ಹೊತ್ತು ಎಲ್ಲರೂ ಶೂರರೇ. ನೆಲ ಹತ್ತಿರವಾಗುತ್ತ ಬಂದಂತೆ ಶೌರ್ಯ ಕರಗಿ, ಕಾಲು ಮಡಚಿಕೊಂಡು, ಕಣ್ಣು ಮುಚ್ಚಿಕೊಂಡು, ಗಂಡಸರು ಹೆಂಗಸರೆನ್ನದೆ ಎಲ್ಲರೂ ಕೂಗುವುದು ಒಂದೇ ಕೂಗು: "ಹಿಡಿಯಪ್ಪಾ! ಹಿಡಿಯಪ್ಪಾ!" ಹೀಗೆ ಕೂಗಿಸಿಕೊಂಡು ಕೂಗಿಸಿಕೊಂಡು ಅವರಿಗೆ ಅದೇ ಹೆಸರು ನಿಂತಿತು. ಹೆತ್ತವರು ಇಟ್ಟ ಹೆಸರು ಈಗ ಪಡಿತರ ಚೀಟಿಯಲ್ಲಷ್ಟೇ ಇದೆ.

ಈ ಕೆಲಸಕ್ಕೆ ಅವರು ಬಂದದ್ದೂ ಆಕಸ್ಮಿಕವೇ. ಮೊದಲು ಹಡಗುಕಟ್ಟೆಯಲ್ಲಿ ಸಾಮಾನು ಹೊರುತ್ತಿದ್ದರು. ಒಂದು ದಿನ ಯಾರದೋ ಎರಡು ಸೂಟ್‌ಕೇಸ್ ಹೊತ್ತು ದಂಡೆಗುಂಟ ಬರುತ್ತಿರುವಾಗ ತಲೆಯ ಮೇಲೆ ನೆರಳು ಬಿತ್ತು. ಕತ್ತೆತ್ತಿದರೆ, ಹೊಸದಾಗಿ ಮದುವೆಯಾದ ಹುಡುಗನೊಬ್ಬ ಹಿಡಿಯುವವರ ಕೈತಪ್ಪಿ ನೇರ ತಮ್ಮ ಕಡೆಗೇ ಬರುತ್ತಿದ್ದಾನೆ. ಸೂಟ್‌ಕೇಸ್ ಎರಡನ್ನೂ ಬಿಟ್ಟು ಹುಡುಗನನ್ನು ಹಿಡಿದರು. ಹುಡುಗ ಉಳಿದ. ಸೂಟ್‌ಕೇಸುಗಳನ್ನು ಅಲೆ ಕೊಂಡೊಯ್ಯಿತು.

"ಸಾಮಾನಿನ ಯಜಮಾನರು ಬೈದಿದ್ದು ಇನ್ನೂ ಕಿವೀಲಿದೆ. ಹೊರೋ ಕೆಲಸ ಅವತ್ತೇ ಹೋಯ್ತು, ಹಿಡಿಯೋ ಕೆಲಸ ಅವತ್ತೇ ಸಿಕ್ತು. ಎರಡಕ್ಕೂ ಕೈ ಇದ್ರೆ ಸಾಕಲ್ವಾ?"

ಕೈ ಇದ್ದರೆ ಸಾಲದು ಎಂಬುದು ಅವರ ಮೈ ನೋಡಿದವರಿಗೆ ತಿಳಿಯುತ್ತದೆ. ಬಲಭುಜ ಒಮ್ಮೆ ಕೀಲು ತಪ್ಪಿದೆ, ಓಡಿ ಓಡಿ ಮೊಣಕಾಲು ಸವೆದಿದೆ. ಮುಂಗೈ ತುಂಬ ಹಗ್ಗ ಉಜ್ಜಿದ ಗೆರೆಗಳು. ಹೆದರಿದವರು ಇಳಿಯುವಾಗ ಕಾಲು ಝಾಡಿಸುತ್ತಾರೆ. ಆ ಒದೆಗಳಿಗೆ ಪಕ್ಕೆಲುಬುಗಳು ಸಾಕ್ಷಿ. ಜನ ತುಂಬಿದ ದಿನ ನಲವತ್ತು ಐವತ್ತು ಮಂದಿ ಹಾರುತ್ತಾರೆ. ಏರುವಾಗ ಪ್ರತಿಯೊಬ್ಬರ ಜೊತೆ ಒಂದು ಓಟ, ಇಳಿಯುವಾಗ ಇನ್ನೊಂದು ಓಟ, ಅದೂ ಬಾಣಲೆಯಂತೆ ಕಾದ ಮರಳಿನಲ್ಲಿ. ಹಂಗಾಮು ಮುಗಿದರೆ ವಸತಿಗೃಹಗಳ ಗೋಡೆಗೆ ಸುಣ್ಣ ಬಳಿಯುವ ಕೆಲಸ. ಅದು ಅವರ ಮಟ್ಟಿಗೆ ವಿಶ್ರಾಂತಿ, ಏಕೆಂದರೆ ಗೋಡೆ ಒದೆಯುವುದಿಲ್ಲ.

ಹಾರುವವರಿಗೆ ಕಲಿಸಬೇಕಾದದ್ದು ಒಂದೇ ಪಾಠ. ತಲೆಯ ಎರಡೂ ಪಕ್ಕ ಛತ್ರಿಯಿಂದ ಇಳಿಬಿಟ್ಟ ಹಿಡಿಗಳಿರುತ್ತವೆ. ಬಲಗಡೆಯದಕ್ಕೆ ಕೆಂಪು ಬಟ್ಟೆ ಕಟ್ಟಿರುತ್ತದೆ. ಇಳಿಯುವ ಹೊತ್ತಿಗೆ ಹಿಡಿಯಪ್ಪ ಸೀಟಿ ಊದಿ ಬಾವುಟ ಬೀಸುತ್ತಾರೆ. ಆಗ ಕೆಂಪು ಹಿಡಿಯನ್ನು ಎಳೆದರೆ ಛತ್ರಿ ಮೆತ್ತನೆಯ ಮರಳಿನ ಕಡೆ ವಾಲುತ್ತದೆ. ಎಳೆಯದಿದ್ದರೆ ಗಾಳಿ ಎಡಕ್ಕೆ ಒಯ್ಯುತ್ತದೆ, ಕೊಲ್ಲಿಯ ತುದಿಯ ಕಪ್ಪು ಬಂಡೆಗಳ ಕಡೆಗೆ.

"ನಾನಿಲ್ಲಿ ಜೀವ ಬಿಟ್ಟು ಬಾವುಟ ಬೀಸ್ತಿರ್ತೀನಿ. ಅವರು ಮೇಲಿಂದ ಖುಷಿಯಾಗಿ ಟಾಟಾ ಮಾಡ್ತಾರೆ," ಎಂದು ಹಿಡಿಯಪ್ಪ ಹಣೆ ಚಚ್ಚಿಕೊಳ್ಳುತ್ತಾರೆ.

ಇನ್ನು ಅವರ ಮನೆಯ ಸಂಗತಿ. ವಸತಿಗೃಹಗಳ ಸಾಲಿನ ಹಿಂದೆ ಎರಡು ಕೋಣೆಯ ಮನೆ. ಮಕ್ಕಳು ಓದಲು ಆಚೆ ದಡಕ್ಕೆ ಹೋಗಿದ್ದಾರೆ. ಹೆಂಡತಿ ಈಜುಗನ್ನಡಕ ಬಾಡಿಗೆಗೆ ಕೊಡುತ್ತಾರೆ. ಮುಂದಿನ ಕೋಣೆಯನ್ನು ಪೂರ್ತಿ ಆಳುವುದು ಒಂದು ಹೊಲಿಗೆ ಯಂತ್ರ, ಯಂತ್ರವನ್ನು ಆಳುವುದು ಹಿಡಿಯಪ್ಪನವರ ಅತ್ತೆ, ಹೆಂಡತಿಯ ತಾಯಿ. ಹರಿದ ಕೊಡೆ, ಕಿತ್ತ ಈಜುಡುಗೆ, ಬಿಚ್ಚಿದ ಜೋಲಿ, ದಂಡೆಯಲ್ಲಿ ಏನು ಹರಿದರೂ ಅವರ ಬಳಿಗೇ ಬರುವುದರಿಂದ ಎಲ್ಲರ ಬಾಯಲ್ಲಿ ಹೊಲಿಗೆಯಮ್ಮ. ಮೈಯಲ್ಲಿ ಹಿಡಿ ಮಾಂಸವಿಲ್ಲ, ನಾಲಿಗೆಯಲ್ಲಿ ಮಾತ್ರ ಸೂಜಿಯ ಮೊನೆ.

ಮಗಳ ಮದುವೆಯಾದಂದಿನಿಂದ ಈ ಅತ್ತೆ-ಅಳಿಯ ಒಬ್ಬರಿಗೊಬ್ಬರು ನೇರ ಮಾತಾಡಿದ್ದಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಮೊದಮೊದಲು ನಾಚಿಕೆ, ಆಮೇಲೆ ಮರ್ಯಾದೆ, ಕಡೆಗೆ ರೂಢಿ. ಒಂದೇ ಪಡಸಾಲೆಯಲ್ಲಿ ಎದುರುಬದುರು ಕುಳಿತಿದ್ದರೂ ಅತ್ತೆ ಮಗಳಿಗೆ ಹೇಳುತ್ತಾರೆ: "ನಿನ್ನ ಗಂಡಂಗೆ ಇನ್ನೊಂದು ಲೋಟ ಟೀ ಬೇಕಾ ಕೇಳೇ." ಅಳಿಯ ಹೆಂಡತಿಗೆ ಹೇಳುತ್ತಾರೆ: "ನಿಮ್ಮಮ್ಮಂಗೆ ಸಾಕು ಅಂತ ಹೇಳು." ಮಗಳು ಮನೆಯಲ್ಲಿಲ್ಲದಾಗ ಅತ್ತೆ ಯಂತ್ರದ ಜೊತೆ ಮಾತಾಡುತ್ತಾರೆ: "ಎಣ್ಣೆ ಮುಗೀತು, ತರೋರು ಯಾರಾದ್ರೂ ಇದ್ದಿದ್ರೆ ತರ್ತಿದ್ರು." ಅಳಿಯ ಬಾಗಿಲ ಚೌಕಟ್ಟಿಗೆ "ಸಂಜೆ ತಂದರಾಯ್ತು" ಎಂದು ಹೇಳಿ ಹೊರಡುತ್ತಾರೆ. ಮನೆ ಸುಖವಾಗಿಯೇ ನಡೆದಿದೆ.

ಆದರೆ ಹಿಡಿಯುವವರಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆಯಿದೆ. ಹೊಸ ಛತ್ರಿ ಬಂದರೆ ಅತಿಥಿಗಳಿಗಿಂತ ಮೊದಲು ಹಿಡಿಯುವವನ ಮನೆಯವರೊಬ್ಬರು ಅದರಲ್ಲಿ ಹಾರಬೇಕು. ಗುಡುಗಣ್ಣ ಇದಕ್ಕೆ ಕೊಡುವ ಕಾರಣ ಸರಳ: "ಸ್ವಂತದವರು ನೇತಾಡ್ತಾರೆ ಅಂದ್ರೆ ಹೊಲಿಗೇನ ಹತ್ತು ಸಲ ನೋಡ್ತಾನೆ. ಬೇರೆಯವರಾದ್ರೆ ಎರಡು ಸಲ ನೋಡಿ ಬೀಡಿ ಹಚ್ತಾನೆ." ಕಟ್ಟಳೆಗೆ ಇನ್ನೊಂದು ಅಂಗವೂ ಇದೆ. ಹಾರಿ ಇಳಿದವರು ತಮ್ಮ ಮೊದಲ ಮಾತನ್ನು ಹಿಡಿದವನಿಗೇ, ಅವನ ಮುಖಕ್ಕೇ ಹೇಳಬೇಕು. "ಬಟ್ಟೆ ಒಳ್ಳೇದು" ಎಂದರೆ ಹಂಗಾಮು ತೆರೆಯಿತು. ಹೇಳದಿದ್ದರೆ ಛತ್ರಿ ಚೀಲಕ್ಕೆ, ಟಿಕೆಟ್ ಕಿಟಕಿಗೆ ಬೀಗ. ಆ ಮಾತನ್ನು ನಡುವೆ ಯಾರೂ ದಾಟಿಸುವಂತಿಲ್ಲ.

ಇಷ್ಟು ವರ್ಷ ಹೊಸ ಛತ್ರಿ ಬಂದಾಗಲೆಲ್ಲ ಹಾರಿದ್ದು ಹೆಂಡತಿ. ಈ ಸಲ ಹಳೆಯ ಛತ್ರಿ ಸವೆದು ಮೂಲೆ ಸೇರಿ ಹೊಸದು ಬಂದಿತು. ಅದೇ ವಾರ ಹೆಂಡತಿ ಹಡಗುಕಟ್ಟೆಯ ಪಾಚಿಯ ಮೇಲೆ ಜಾರಿದರು. ಕಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್. ಹಂಗಾಮಿನ ಮೊದಲ ಹಡಗು ಆಚೆ ದಡದಿಂದ ಹೊರಟಾಗಿದೆ. ಯಾರು ಹಾರಬೇಕು?

"ನಾನೇನು ಈ ಮನೆಯವಳಲ್ವಾ?" ಎಂದು ಹೊಲಿಗೆಯಮ್ಮ ಯಂತ್ರದ ಚಕ್ರ ನಿಲ್ಲಿಸಿ ಕೇಳಿದರು.

"ಅಮ್ಮಾ, ನಿನಗೆ ವಯಸ್ಸೆಷ್ಟು?"

"ಬಟ್ಟೆ ನೋಡೋಕೆ ವಯಸ್ಸಾದಷ್ಟೂ ಒಳ್ಳೇದು ಕಣೇ."

ಹಿಡಿಯಪ್ಪ ನೆಲ ನೋಡುತ್ತ ಹೆಂಡತಿಗೆ ಹೇಳಿದರು: "ನಿಮ್ಮಮ್ಮಂಗೆ ಹೇಳು, ವಯಸ್ಸಲ್ಲ ತೊಂದರೆ. ತೂಕ. ಭಾರ ಇದ್ದೋರು ಇಳೀತಾರೆ. ಇಷ್ಟು ಹಗುರ ಇದ್ದೋರನ್ನ ಗಾಳಿ ಇಟ್ಕೊಂಡ್ಬಿಡುತ್ತೆ."

"ನಿನ್ನ ಗಂಡಂಗೆ ಹೇಳು, ಜೇಬಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಕೊಂಡು ಹೋಗ್ತೀನಿ."

ನಗು ಬಂದರೂ ಯಾರೂ ನಗಲಿಲ್ಲ, ಏಕೆಂದರೆ ಬೇರೆ ದಾರಿ ಇರಲಿಲ್ಲ. ಬೆಳಗಿನ ಗಾಳಿ ಮೆತ್ತಗಿರುವಾಗಲೇ ಒಂದು ಚಿಕ್ಕ ಸುತ್ತು ಹಾಕಿಸಿ ಇಳಿಸಿಬಿಡುವುದೆಂದು ಹಿಡಿಯಪ್ಪ ತೀರ್ಮಾನಿಸಿದರು. ಇನ್ನು ಮೊದಲ ಮಾತಿನ ವಿಚಾರ. ನೇರ ಮಾತಾಡದ ಅತ್ತೆ ಅಳಿಯನ ಮುಖ ನೋಡಿ "ಬಟ್ಟೆ ಒಳ್ಳೇದು" ಎನ್ನುವರೇ? ಎಳನೀರಿನ ಗಾಡಿಯ ಬಳಿ ಹಿಂದಿನ ಸಂಜೆಯೆಲ್ಲ ಇದೇ ಚರ್ಚೆ. ಒಬ್ಬರು "ಹೇಳುತ್ತಾರೆ" ಎಂದರು, ಮತ್ತಿಬ್ಬರು "ಸತ್ತರೂ ಹೇಳುವುದಿಲ್ಲ" ಎಂದರು.

ಮೊದಲ ದಿನ ಮುಂಜಾನೆ ಎಲ್ಲವೂ ಸಿದ್ಧ. ಹಿಡಿಯಪ್ಪ ಮರಳು ನಡೆದು ಮುಗಿಸಿದ್ದಾರೆ, ಛತ್ರಿಯ ಒಂದೊಂದು ಹೊಲಿಗೆಯನ್ನೂ ಬೆಳಕಿಗೆ ಹಿಡಿದು ನೋಡಿದ್ದಾರೆ, ಗುಡುಗಣ್ಣ ದೋಣಿಯ ಎಂಜಿನ್ ಗುರುಗುಟ್ಟಿಸುತ್ತಿದ್ದಾರೆ. ಅತ್ತೆ ಬರಲಿಲ್ಲ. ಸೂರ್ಯ ತೆಂಗಿನ ಮರಗಳ ತಲೆ ದಾಟಿದ. ಗಾಳಿ ಮೆಲ್ಲಗೆ ಮೈಮುರಿದು ಎದ್ದಿತು. ಆಗ ಹೊಲಿಗೆಯಮ್ಮ ಬಂದರು. ಸೀರೆಯುಟ್ಟು ಹಾರಬಾರದೆಂದು ತಿಳಿದು, ದಂಡೆಯ ಕೊಡೆಯೊಂದರ ಕೆಂಪು-ಬಿಳಿ ಪಟ್ಟೆಯ ಬಟ್ಟೆಯಿಂದ ತಮಗೊಂದು ಪ್ಯಾಂಟು ಹೊಲಿದುಕೊಳ್ಳುತ್ತಿದ್ದರಂತೆ. ಕೊನೆಯ ಗುಂಡಿ ಆಗಷ್ಟೇ ಹಾಕಿ ಮುಗಿಸಿದ್ದರು.

"ಹೊಲಿಗೆಯಮ್ಮಾ, ಛತ್ರಿ ಯಾಕೆ? ನಿಮ್ಮನ್ನೇ ಬಿಚ್ಚಿ ನೆಟ್ರೆ ನಾಲ್ಕು ಜನ ನೆರಳಲ್ಲಿ ಕೂರಬಹುದು!" ಗುಡುಗಣ್ಣ ದೋಣಿಯಿಂದಲೇ ಕೂಗಿದರು.

"ನೀನು ನೆಟ್ಟಗೆ ಓಡಿಸೋ. ನೆರಳು ಆಮೇಲೆ ನೋಡೋಣ."

ಹಿಡಿಯಪ್ಪ ಅತ್ತೆಗೆ ಲೈಫ್ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಬಿಗಿದರು. ಅತ್ತೆ ಕಡಲು ನೋಡುತ್ತ ನಿಂತರು, ಅಳಿಯ ಪಟ್ಟಿಯ ಬಕಲ್ ನೋಡುತ್ತ ಕಟ್ಟಿದರು. ಆಮೇಲೆ, ಮರಳಿನಲ್ಲಿ ಕುರ್ಚಿ ಹಾಕಿ ಕಾಲು ಚಾಚಿ ಕುಳಿತಿದ್ದ ಹೆಂಡತಿಯ ಕಡೆ ತಿರುಗಿ ಹಿಡಿಯಪ್ಪ ತಮ್ಮ ಒಂದೇ ಪಾಠವನ್ನು ಒಪ್ಪಿಸಿದರು: "ನಿಮ್ಮಮ್ಮಂಗೆ ಹೇಳು. ಎರಡು ಹಿಡಿ ಇದೆ. ಬಲಗಡೇದಕ್ಕೆ ಕೆಂಪು ಬಟ್ಟೆ. ನಾನು ಸೀಟಿ ಊದಿದಾಗ ಕೆಂಪು ಹಿಡೀನೇ ಎಳೀಬೇಕು. ಸಾಕು ಅನ್ನೋವರೆಗೂ ಬಿಡಬಾರದು."

ಹೆಂಡತಿಗೆ ಈ ಪಾಠ ಬಾಯಿಪಾಠ. ಬಾಯಿಪಾಠವಾದದ್ದನ್ನು ಯಾರು ತಾನೇ ಪೂರ್ತಿ ಹೇಳುತ್ತಾರೆ? "ಅಮ್ಮಾ, ಸೀಟಿ ಕೇಳಿದಾಗ ಹಿಡಿ ಎಳಿ. ಸಾಕು ಅನ್ನೋವರೆಗೆ ಬಿಡಬೇಡ."

"ಅಷ್ಟೇನಾ?"

"ಅಷ್ಟೇ."

ಮಾತು ದಾಟುವಾಗ ಕೆಂಪು ಬಿದ್ದುಹೋದದ್ದು ಹಿಡಿಯಪ್ಪನವರಿಗೆ ಕೇಳಿಸಿತು. ತಿದ್ದಬೇಕೆಂದು ಬಾಯಿ ತೆರೆದರು. ಯಾರಿಗೆ ಹೇಳುವುದು? ಅತ್ತೆ ಒಂದು ಮೊಳ ದೂರದಲ್ಲೇ ಇದ್ದರು, ಆದರೆ ಅವರಿಗೆ ಅಳಿಯನ ಮಾತು ಮಗಳ ಬಾಯಿಂದ ಬಂದರಷ್ಟೇ ಲೆಕ್ಕ. ಹೆಂಡತಿಯ ಕಡೆ ತಿರುಗುವಷ್ಟರಲ್ಲಿ ಗುಡುಗಣ್ಣ ಎಂಜಿನ್ ಏರಿಸಿಬಿಟ್ಟರು, ಹಗ್ಗ ಬಿಗಿಯಿತು, ಛತ್ರಿ ಎದೆಯುಬ್ಬಿಸಿತು. ಸಾಮಾನ್ಯ ಜನ ಏರಲು ಏಳೆಂಟು ಹೆಜ್ಜೆ ಓಡಬೇಕು. ಹೊಲಿಗೆಯಮ್ಮ ಎರಡನೆಯ ಹೆಜ್ಜೆಗೇ ನೆಲ ಬಿಟ್ಟರು.

ದಂಡೆಗೆ ದಂಡೆಯೇ "ಹೋ!" ಎಂದಿತು.

ಏರಿದರು, ಏರಿದರು, ಪಟ್ಟೆ ಪ್ಯಾಂಟಿನ ಎರಡು ಕಾಲು ಆಕಾಶದಲ್ಲಿ ಕತ್ತರಿಯಂತೆ ಆಡಿದವು. ಆಗ ತಾನೇ ಹಡಗು ಕಟ್ಟೆಗೆ ಬರುತ್ತಿತ್ತು. ಅದರ ಮೇಲಿದ್ದ ಪ್ರವಾಸಿಗಳೆಲ್ಲ ಒಂದೇ ಕಡೆಗೆ ನುಗ್ಗಿ ಕೈ ತೋರಿಸಿದರು. ಮೇಲಿನಿಂದ ಕಂಡದ್ದನ್ನು ಹೊಲಿಗೆಯಮ್ಮ ಆಮೇಲೆ ಹೇಳಿದ ಪ್ರಕಾರ, ಕಡಲು ಒಂದು ಬಣ್ಣದ್ದಲ್ಲ. ದಡದ ಹತ್ತಿರ ಎಳನೀರಿನಂತೆ, ಹವಳದ ಮೇಲೆ ನವಿಲುಗರಿಯಂತೆ, ಅದರಾಚೆ ಶಾಯಿಯಂತೆ. ಒಂದಕ್ಕೊಂದು ಸೇರುವಲ್ಲಿ ಹೊಲಿಗೆಯೇ ಕಾಣದಂತೆ ಜೋಡಿಸಿದ ಬಟ್ಟೆ. ಜೀವಮಾನವೆಲ್ಲ ಬದುಕಿದ ದ್ವೀಪ ಒಂದು ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತಂತೆ. ಆ ಹೊತ್ತಿನಲ್ಲಿ ಕೆಳಗಿದ್ದವರಿಗೆ ಕೇಳಿಸಿದ್ದು ಬೇರೆಯೇ ಮಾತು:

"ನಮ್ಮನೆ ಹೆಂಚಿನ ಮೇಲೆ ಯಾರದೋ ಚಪ್ಪಲಿ ಬಿದ್ದಿದೆ ಕಣೇ!"

ದೋಣಿ ಸುತ್ತು ಮುಗಿಸಿ ದಡದ ಕಡೆ ತಿರುಗಿತು. ಗಾಳಿ ಈಗ ಚೆನ್ನಾಗಿಯೇ ಎದ್ದಿತ್ತು. ಹಿಡಿಯಪ್ಪ ಸೀಟಿ ಊದಿದರು, ಬಾವುಟ ಬೀಸಿದರು. ಹೊಲಿಗೆಯಮ್ಮ ಟಾಟಾ ಮಾಡಲಿಲ್ಲ. ಹೇಳಿಸಿಕೊಂಡದ್ದನ್ನು ಅಕ್ಷರಶಃ ಪಾಲಿಸಿದರು, ಹಿಡಿ ಎಳೆದರು. ಅವರು ಕತ್ತರಿ ಹಿಡಿಯುವುದು ಎಡಗೈಯಲ್ಲಿ. ಎಡಗೈ ಎಳೆದದ್ದು ಎಡಗಡೆಯ ಹಿಡಿಯನ್ನು.

ಛತ್ರಿ ಬಂಡೆಗಳ ಕಡೆ ವಾಲಿತು.

ಹಿಡಿಯಪ್ಪ ಮತ್ತೆ ಸೀಟಿ ಊದಿದರು. ಸೀಟಿ ಕೇಳಿದಷ್ಟೂ ಅತ್ತೆ ಇನ್ನೂ ಬಿಗಿಯಾಗಿ ಎಳೆದರು. ಕುರ್ಚಿಯಲ್ಲಿದ್ದ ಮಗಳಿಗೆ ತಪ್ಪು ಹೊಳೆದು "ಕೆಂಪು! ಅಮ್ಮಾ, ಕೆಂಪು!" ಎಂದು ಕಿರುಚಿದರು. ಗಾಳಿ ಆ ಕೂಗನ್ನು ಬೇರೆ ಕಡೆಗೆ ಒಯ್ದಿತು. ಕೊಡೆಯವರು ಒಂದು ಕೂಗಿದರು, ಎಳನೀರಿನವರು ಇನ್ನೊಂದು ಕೂಗಿದರು. ದಂಡೆ ಸಂತೆಯಾಯಿತು. ಮೇಲಿನಿಂದ ಹೊಲಿಗೆಯಮ್ಮ ರೂಢಿಯಂತೆ ಮಗಳನ್ನೇ ಕೇಳುತ್ತಿದ್ದರು:

"ಏನಂತೆ ಕೇಳೇ! ಅವರು ಏನೋ ಹೇಳ್ತಿದಾರೆ, ಏನಂತೆ ಕೇಳೇ!"

ಹಿಡಿಯಪ್ಪ ಬಾವುಟ ಎಸೆದರು. ಅತ್ತೆಯ ನೆರಳು ಬಿದ್ದ ಜಾಗಕ್ಕೆ, ಬಂಡೆಗಳ ದಿಕ್ಕಿಗೆ, ಮೊಣಕಾಲಿನ ನೋವು ಮರೆತು ಓಡಿದರು. ನೇರ ಅವರ ಕೆಳಗೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಹೊಟ್ಟೆಯಾಳದಿಂದ ಕೂಗಿದರು:

"ಅತ್ತೇ!"

ದಂಡೆ ಗಪ್ಪಾಯಿತು. ಗುಡುಗಣ್ಣ ಹೇಳುವ ಕತೆಯಲ್ಲಿ ಎಂಜಿನ್ ಕೂಡ ತಾನಾಗಿ ನಿಂತಿತು ಎಂದಿದೆ. ಹೆಂಡತಿ ಹೇಳುವುದರಲ್ಲಿ ಅದು ಇಲ್ಲ.

"ಅತ್ತೇ, ನಾನು ಹೇಳ್ತಿದೀನಿ! ಎಡಗೈ ಬಿಡಿ! ಬಲಗಡೆ, ಕೆಂಪು ಬಟ್ಟೆ! ಅದನ್ನ ಎಳೀರಿ!"

ಹೊಲಿಗೆಯಮ್ಮ ಕೆಳಗೆ ನೋಡಿದರು. ಅಳಿಯನ ಮುಖವನ್ನು ನೇರವಾಗಿ ನೋಡಿದರು. ಆಮೇಲೆ, ಅಷ್ಟು ಎತ್ತರದಲ್ಲಿ, ಅಂಥ ಹೊತ್ತಿನಲ್ಲಿ, ಬಟ್ಟೆಯ ಕೆಲಸದವರು ಕೇಳುವ ಪ್ರಶ್ನೆಯನ್ನೇ ಕೇಳಿದರು:

"ಎಷ್ಟು?"

ಬೇರೆ ಯಾರಾದರೂ ಆಗಿದ್ದರೆ "ಜೋರಾಗಿ" ಎನ್ನುತ್ತಿದ್ದರು. ಹಿಡಿಯಪ್ಪ ವರ್ಷಗಟ್ಟಲೆ ಅದೇ ಪಡಸಾಲೆಯಲ್ಲಿ ಕುಳಿತು, ಮಾತಾಡದೆ, ಆ ಕೈಗಳು ಬಟ್ಟೆ ಅಳೆಯುವುದನ್ನು ನೋಡಿದವರು.

"ಒಂದು ಮೊಳ!"

ಬಲಗೈ ಕೆಂಪು ಹಿಡಿಯನ್ನು ಒಂದು ಮೊಳ ಎಳೆಯಿತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಛತ್ರಿ ತಡವರಿಸಿ, ಬಂಡೆಗಳಿಗೆ ಬೆನ್ನು ಮಾಡಿತು.

"ಇನ್ನೊಂದು ಗೇಣು!"

"ಗೇಣು!" ಎಂದು ಮೇಲಿನಿಂದ ಮರುದನಿ ಬಂತು.

"ಸಾಕು! ಹಂಗೇ ಇರಲಿ! ಈಗ ಎರಡು ಬೆರಳು ಬಿಡಿ!"

"ಬಿಟ್ಟೆ!"

ಮರಳು ಕೆಳಗೆ ಬಂತು. ಹಗುರದ ಜೀವ ಮಾತ್ರ ಇಳಿಯದು. ಆಳೆತ್ತರದ ಮೇಲೆ, ಕೈಗೆಟುಕದಂತೆ, ಗಾಳಿ ಅವರನ್ನು ತೂಗುತ್ತ ನಿಂತಿತು. ಹಿಡಿಯಪ್ಪ ಹಿಂದೆ ಸರಿದರು, ಓಡಿದರು, ನೆಗೆದರು. ಕೈಗೆ ಸಿಕ್ಕಿದ್ದು ಪ್ಯಾಂಟಿನ ಅಂಚು. ಕೊಡೆಯ ಬಟ್ಟೆ ಚರ್ರೆಂದಿತು, ಆದರೆ ಹರಿಯಲಿಲ್ಲ. ಹೊಲಿಗೆಯಮ್ಮನ ಕೈಯ ಹೊಲಿಗೆ ಅದು. ಅಂಚಿನಿಂದ ಕಾಲು, ಕಾಲಿನಿಂದ ಪಟ್ಟಿ, ಪಟ್ಟಿಯಿಂದ ಭುಜ ಎಂದು ಹಿಡಿಯುತ್ತ ಇಳಿಸಿದರು. ದಿನವೂ ಭಾರದವರನ್ನು ಹಿಡಿದು ರೂಢಿಯಾದ ಮೈ, ಈ ಹಗುರಕ್ಕೆ ಲೆಕ್ಕ ತಪ್ಪಿ ಹಿಂದಕ್ಕೆ ಮಗುಚಿತು. ಅತ್ತೆ ಅಳಿಯ ಇಬ್ಬರೂ ಒದ್ದೆ ಮರಳಿನಲ್ಲಿ ಕುಳಿತರು. ಅವರ ಮೇಲೆ ಹೊಸ ಛತ್ರಿ ಉಸಿರು ಬಿಡುತ್ತ ಹರಡಿಕೊಂಡಿತು.

ಈಗ ಯಾರಿಗೂ ಏನೂ ಕಾಣದು. ಛತ್ರಿಯಡಿ ಎರಡು ಉಬ್ಬು, ಅಷ್ಟೇ. ಮೊದಲ ಮಾತು ಅಲ್ಲಿಯೇ ಆಗಬೇಕು. ಟಿಕೆಟ್ ಕಿಟಕಿಯಾಕೆ ಬೀಗದ ಕೈ ಹಿಡಿದು ನಿಂತರು. ಹಡಗಿನಿಂದ ಇಳಿದವರು ಏನೆಂದು ತಿಳಿಯದೆಯೂ ಉಸಿರು ಬಿಗಿಹಿಡಿದರು. ಮಗಳು ಪ್ಲಾಸ್ಟರ್ ಕಾಲನ್ನು ಎಳೆದುಕೊಂಡು ಕುರ್ಚಿಯಿಂದ ಅರ್ಧ ಎದ್ದರು.

ಬಟ್ಟೆಯ ಅಂಚಿನಿಂದ ಒಂದು ಕೈ ಹೊರಬಂತು. ಹೊಲಿಗೆಯಮ್ಮನ ಎಡಗೈ. ಅದು ಛತ್ರಿಯ ಹೊಲಿಗೆಯನ್ನು ಉದ್ದಕ್ಕೂ ಸವರಿ, ಕಿಟಕಿಯ ಕಡೆಗೆ ಬೆರಳು ಮಾಡಿ, ತೆರೆ ಎಂಬಂತೆ ಆಡಿತು.

ಆಗ ಎದ್ದ ಕೂಗಿಗೆ ತೆಂಗಿನ ಮರದ ಕಾಗೆಗಳೆಲ್ಲ ಹಾರಿದವು.

ಛತ್ರಿಯಡಿ ಆಡಿದ ಮಾತು ಏನೆಂಬುದರಲ್ಲಿ ಪಾಠಭೇದಗಳಿವೆ. ಗುಡುಗಣ್ಣನ ಪ್ರಕಾರ ಅತ್ತೆ ಮದುವೆಯ ದಿನದಿಂದ ಬಾಕಿಯಿದ್ದ ಬೈಗುಳವನ್ನೆಲ್ಲ ಒಟ್ಟಿಗೇ ಬೈದರು. ಹೆಂಡತಿಯ ಪ್ರಕಾರ ಇಬ್ಬರೂ ನಕ್ಕದ್ದಷ್ಟೇ ಕೇಳಿಸಿತು. ಹಿಡಿಯಪ್ಪನವರ ಪಾಠ ಎಲ್ಲಕ್ಕಿಂತ ಚಿಕ್ಕದು:

"ಬಟ್ಟೆ ಒಳ್ಳೇದು ಅಂದ್ರು. ಮಾತೇ ತಡ ಆಯ್ತು ಅಂದ್ರು. ಹೂಂ ಅಂದೆ."

ಅಂದು ಕಿಟಕಿಯ ಮುಂದೆ ಸಾಲು ಬೆಳೆದು ಎಳನೀರಿನ ಗಾಡಿಯನ್ನೂ ದಾಟಿತು. ಪಟ್ಟೆ ಪ್ಯಾಂಟಿನ ಅಜ್ಜಿ ಹಾರಿದ್ದನ್ನು ಕಣ್ಣಾರೆ ಕಂಡ ಮೇಲೆ ಹೆದರುವ ಮುಖ ಯಾರಿಗಿದೆ? ಅಜ್ಜಂದಿರು ಬಂದರು, ಹೊಸ ಜೋಡಿಗಳು ಬಂದರು, ಹಡಗಿನಲ್ಲೇ ವಾಂತಿ ಮಾಡಿಕೊಂಡಿದ್ದ ಒಬ್ಬ ಭಾರಿ ಆಸಾಮಿಯೂ ಬಂದ. ಹಿಡಿಯಪ್ಪ ಓಡಿದರು, ಹಿಡಿದರು, ಮತ್ತೆ ಓಡಿದರು. ಒಂದೇ ವ್ಯತ್ಯಾಸ: ಪಾಠವನ್ನು ಈಗ ಹಾರುವವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸುತ್ತಿದ್ದರು. "ಯಾವ ಬಣ್ಣ?" "ಕೆಂಪು!" "ಯಾವ ಕೈ?" "ಬಲ!" ಸಾಲಿನಲ್ಲಿ ನಿಂತವರೂ ಜೊತೆಗೆ ಕೂಗುತ್ತಿದ್ದರು.

ಸಂಜೆ ಮಗುಚಿದ ದೋಣಿಯ ಬಳಿ ಗುಡುಗಣ್ಣ ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ, ಕೊಡೆಯವರೊಬ್ಬರು ಕೇಳಿದರು: "ಹಂಗಾದ್ರೆ ಇನ್ಮೇಲೆ ಮನೇಲಿ ನೇರ ಮಾತೇನಾ?"

"ಮಧ್ಯಾಹ್ನ ಊಟಕ್ಕೆ ಹೋದಾಗಿಂದ ಶುರುವಾಗಿದೆ," ಎಂದರು ಹಿಡಿಯಪ್ಪ. "ಮೊದಲು ನಡುವೆ ಇವಳಿದ್ದಳು, ಅರ್ಧ ಬೈಗುಳ ಇವಳ ಹತ್ರಾನೇ ನಿಲ್ತಿತ್ತು. ಈಗ ಪೂರ್ತಿ ನನಗೇ."

"ನನಗೆ ಈಗ ಎಷ್ಟು ಹಗುರ ಗೊತ್ತಾ!" ಎಂದರು ಹೆಂಡತಿ. ನಕ್ಕು ನಕ್ಕು ಟಿಕೆಟ್ ಕಿಟಕಿಯಾಕೆಗೆ ಬಿಕ್ಕಳಿಕೆ ಬಂತು.

ದೂರದ ವಸತಿಗೃಹದ ಜಗಲಿಯಲ್ಲಿ ಅಂದು ಹಾರಿದ ಕುಟುಂಬವೊಂದು ಫೋನಿನಲ್ಲಿ ತೆಗೆದ ಚಿತ್ರಗಳನ್ನು ನೋಡಿ ಕೇಕೆ ಹಾಕುತ್ತಿತ್ತು. ಅಂಥ ಚಿತ್ರಗಳಲ್ಲಿ ಹಿಡಿಯಪ್ಪನವರ ಮುಖ ಸಿಗುವುದು ಅಪರೂಪ. ಹಾರಿದವರ ನಗುಮುಖ, ಕೆಳಗೆ ಮೂಲೆಯಲ್ಲಿ ಮೊಣಕೈಯಿಂದಾಚೆ ಕತ್ತರಿಸಿದಂತೆ ಎರಡು ಕೈ. ಎಷ್ಟೋ ಊರುಗಳ ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಎರಡು ಕೈ ಇವೆ. ಬೇಸರವಿಲ್ಲವೇ ಎಂದು ಎಳನೀರಿನವರು ಕೆಣಕಿದರು.

ಹಿಡಿಯಪ್ಪ ಮೊಣಕಾಲು ಉಜ್ಜಿಕೊಂಡರು.

"ಹೆದರಿಕೊಂಡೇ ಇಳಿದವರು ನನ್ನ ಮುಖ ನೆನಪಿಟ್ಕೋತಾರೆ. ಖುಷಿಯಾಗಿ ಇಳಿದವರು ಮರೆತುಬಿಡ್ತಾರೆ. ಇಷ್ಟು ವರ್ಷದಲ್ಲಿ ನನ್ನ ಗುರುತು ಹಿಡಿದು ಮಾತಾಡಿಸಿದವರು ತೀರಾ ಕಡಿಮೆ ಕಣ್ರೀ."

ಅದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾದದ್ದನ್ನು ಎಲ್ಲರೂ ಕಂಡರು. ಕೊಡೆಯವರು ಮಡಚಿದ ಕೊಡೆಗಳನ್ನು ಹೆಗಲಿಗೇರಿಸಿದರು. ಗುಡುಗಣ್ಣ ದೋಣಿಯ ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದರು. ಹಿಡಿಯಪ್ಪ ಹೆಂಡತಿಯ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಎಬ್ಬಿಸಿದರು. ಬಟ್ಟೆಗೆ ಹತ್ತಿದ ಮರಳನ್ನು ಕೊಡವಿಕೊಳ್ಳುತ್ತ, ನಾಳೆ ಗಾಳಿ ಹೇಗಿದ್ದೀತೆಂದು ಮಾತಾಡುತ್ತ, ಎಲ್ಲರೂ ಅವರವರ ಮನೆಯ ದಾರಿ ಹಿಡಿದರು.